ತಣ್ಣಗಿದ್ದ ಬಾನೆಟ್

ಬ್ರೋಕನ್ ಹಿಲ್‌ನ ಬೀದಿಗಳಿಗೆ ಔಷಧದ ಕಪಾಟಿನ ಹೆಸರು:
ಕ್ಲೋರೈಡ್, ಬ್ರೋಮೈಡ್, ಅಯೋಡೈಡ್.
ನರ್ಸಿಗೆ ವಿಳಾಸ ಮರೆಯುವುದಿಲ್ಲ.

ಮೊದಲನೆಯದು ಕ್ಲೋರೈಡ್ ಬೀದಿಯಲ್ಲಿತ್ತು.
ಬಿಳಿ ಪ್ರಾಡೊ. ಟೈರಿಗೂ ಕಪ್ಪು ಪಾಲಿಶು,
ಹೆಣ್ಣು ನೋಡಲು ಹೊರಟವನ ಬೂಟಿನ ಹಾಗೆ.
ಮಾತಾಡುತ್ತಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ,
ಜ್ವರದ ಹಣೆ ಮುಟ್ಟುವ ಅಭ್ಯಾಸ.
ಬಿಸಿ.
ಬೆಳಗಿನ ಏಳೂವರೆ, ಹೊರಗೆ ಮೂರು ಡಿಗ್ರಿ.
"ಈಗಷ್ಟೇ ಹಾಲು ತರಲು ಹೋಗಿದ್ದೆ" ಅಂದ ಗ್ಲೆನ್.
ಹಾಲೆಲ್ಲಿ ಎಂದು ನಾನು ಕೇಳಲಿಲ್ಲ.
ಚಳಿಗೆ ಕೆಮ್ಮುವ ಎಂಜಿನ್ನನ್ನು
ಗಿರಾಕಿ ಬರುವ ಮೊದಲೇ ಕೆಮ್ಮಿಸಿ ಮುಗಿಸಿರುತ್ತಾರೆ.
ಬೆಳ್ಳಗಿರುವುದೆಲ್ಲ ಹಾಲಲ್ಲ ಅಂದುಕೊಂಡು
ಟೀ ಬೇಡವೆಂದು ಹೊರಟೆ.

ನನಗೆ ಬೇಕಿದ್ದದ್ದು ಸಿಂಗಾರವಲ್ಲ.
ಹೋಗಲು ನೂರಾಹತ್ತು ಕಿಲೋಮೀಟರ್, ಬರಲು ಅಷ್ಟೇ,
ವಾರಕ್ಕೆ ನಾಲ್ಕು ದಿನ, ಮೆನಿಂಡಿಯ ಕ್ಲಿನಿಕ್ಕು.
ಅಲ್ಲಿಂದ ಡಾಂಬರು ಬಿಟ್ಟು ಕುರಿಗಾವಲಿನ ಮನೆಗಳಿಗೆ
ಇನ್ಸುಲಿನ್ನು, ಬ್ಯಾಂಡೇಜು, ಎರಡು ಒಳ್ಳೆಯ ಮಾತು.
ಮಳೆ ಬಿದ್ದರೆ ಆ ಕೆಮ್ಮಣ್ಣು
ಎಣ್ಣೆ ಚೆಲ್ಲಿದ ಅಡುಗೆಮನೆ.
ಜೂನ್‌ನಲ್ಲಿ ನನ್ನ ಸಣ್ಣ ಕಾರು ಅಲ್ಲೇ ಕೂತುಬಿಟ್ಟಿತು.
ಒಂಬತ್ತು ಗಂಟೆ ನಾನೂ ಅದರೊಳಗೆ ಕೂತೆ.
ಎರಡು ಎಮುಗಳು ಬಂದು ಕಿಟಕಿಯಲ್ಲಿ ಇಣುಕಿ
ತಪಾಸಣೆಗೆ ಬಂದ ಅಧಿಕಾರಿಗಳ ಹಾಗೆ
ಏನೂ ಮಾಡದೆ ಹೋದವು.
ಡೋರೀನಳ ಕಾಲಿನ ಪಟ್ಟಿ
ಮರುದಿನದವರೆಗೂ ಒದ್ದೆಯಾಗೇ ಇತ್ತು.

ನಮ್ಮ ದೊಡ್ಡಪ್ಪ ದನದ ದಲ್ಲಾಳಿ,
ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸುವವನು.
ಸುಳಿ ನೋಡು, ಹಲ್ಲು ನೋಡು,
ಮಾರುವವನ ಕಣ್ಣನ್ನೂ ಒಂದು ಸಲ ನೋಡು ಅನ್ನುತ್ತಿದ್ದ.
ನಾನು ಎಣ್ಣೆಯ ಮುಚ್ಚಳ ತಿರುಗಿಸಿ
ಮಜ್ಜಿಗೆಯಂಥ ನೊರೆ ಇದೆಯೋ ನೋಡುತ್ತೇನೆ.
ಟಾರ್ಚು ಹಿಡಿದು ಅಡಿಗೆ ಅಂಗಾತ ಮಲಗಿ
ಚಾಸಿಸ್ಸಿಗೆ ಸುತ್ತಿಗೆ ತಾಗಿಸುತ್ತೇನೆ.
ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ.
ತುಕ್ಕು ಹಿಡಿದದ್ದು ಡಬ್,
ನೀರು ತುಂಬಿದ ಶ್ವಾಸಕೋಶದ ಹಾಗೆ.

ಏಳನೆಯದು ಅಯೋಡೈಡ್ ಬೀದಿಯ ತುದಿಗೆ.
ಪ್ಯಾಟ್ರೋಲ್, ಇಪ್ಪತ್ತು ವರ್ಷ,
ಮೂರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್.
ಬಣ್ಣ ಒಂದು ಕಾಲಕ್ಕೆ ಹಸಿರು. ಎಡಬಾಗಿಲು ಮಾತ್ರ ಬೂದು,
ಬೇರೆ ಯಾವುದೋ ಗಾಡಿಯಿಂದ ದತ್ತು ಬಂದದ್ದು.
ಬಾನೆಟ್ಟಿನ ಮೇಲೆ ಒರೆಸದ ಇಬ್ಬನಿ.
ಅಂಗೈ ಮರಗಟ್ಟಿತು.
ವೆಸ್ನಾ ಯುರಿಚ್, ಗಣಿಯಲ್ಲಿ ಲಾರಿ ಓಡಿಸಿದವಳು,
ಮಾತಿಲ್ಲದೆ ಕೀಲಿ ಎಸೆದಳು.
ಮೊದಲ ಸಲ ಹಿಡಿಯಲಿಲ್ಲ.
ಎರಡನೆಯದಕ್ಕೆ ಮೈ ಕೊಡವಿ ಎದ್ದಿತು,
ಒಂದು ಗುಕ್ಕು ಬಿಳಿ ಹೊಗೆ, ಆಮೇಲೆ ಒಂದೇ ಸಮ.
"ಗ್ಲೋ ಪ್ಲಗ್ ಒಂದು ಸತ್ತಿದೆ" ಅಂದಳು,
ನಾನು ಕೇಳುವ ಮೊದಲೇ.
ನಾಲ್ಕೂ ಚಕ್ರದ ಲಿವರ್ ಎಳೆದೆ. ಖಟ್.
ಹಳೆಯ ಮರದ ಬಾಗಿಲಿನ ಅಗುಳಿಯಂತೆ ಕೂತಿತು.

ಆಮೇಲೆ ಒಂದು ನೋಟ್‌ಬುಕ್ಕು ಕೊಟ್ಟಳು,
ತುಂಬ ಹೆಬ್ಬೆರಳಿನ ಎಣ್ಣೆ.
ಫಿಲ್ಟರು, ತಾರೀಖು, ಮತ್ತೆ ಫಿಲ್ಟರು. ನಡುನಡುವೆ:
ಕಾಂಗರೂ. ಎಡ ದೀಪ. ನಿದ್ದೆಗಣ್ಣಲ್ಲಿದ್ದೆ.
ಕ್ಲಚ್ಚು. ನನ್ನದೇ ತಪ್ಪು.
ಬಾಗಿಲು. ಮಿಲನ್. ಅದರ ಮಾತು ಬೇಡ.
ಬರೆದವರ ಮೇಲೇ ಸಾಕ್ಷಿ ಹೇಳುವ ಕೇಸ್ ಶೀಟನ್ನು
ನಾನು ಯಾವ ವಾರ್ಡಿನಲ್ಲೂ ಕಂಡಿಲ್ಲ.

ಟವೆಲಿಲ್ಲ. ಜೇಬಿನೊಳಗೇ ಬೆರಳು ಮಡಚಿ
ಎಂಟೂವರೆ ಸಾವಿರ ಅಂದೆ.
"ಒಂಬತ್ತು."
"ಗ್ಲೋ ಪ್ಲಗ್ಗು?"
"ಹಾಕಿ ಕೊಡ್ತೇನೆ."

ಪುಸ್ತಕ ಈಗ ನನ್ನ ಗಾಡಿಯಲ್ಲಿದೆ.
ಅವಳ ಕೊನೆಯ ಸಾಲಿನ ಕೆಳಗೆ ನಿನ್ನೆ ರಾತ್ರಿ
ಕನ್ನಡದಲ್ಲಿ ಬರೆದೆ:
ಮೂರು ಲಕ್ಷ ಹದಿನಾಲ್ಕು ಸಾವಿರ.
ಹಿಂದಿನ ಟೈರಿನ ಗಾಳಿ ಇಳಿದಿತ್ತು.
ನೋಡಿಯೂ ಹೊರಟೆ.