ಬೆರಳಿಗೆ ಬೆಳಕು

ಕಿಟಕಿಗೆ ಕಪ್ಪು ಬಟ್ಟೆ ಎಳೆದೆ. ಸಂದಿನಲ್ಲೊಂದು
ಬಿಸಿಲುಗೆರೆ ಇನ್ನೂ ಹಟ ಮಾಡುತ್ತಿತ್ತು,
ಅದಕ್ಕೂ ಪ್ಲಾಸ್ಟರ್ ಅಂಟಿಸಿದೆ.
ಚಿಕ್ಕಬಳ್ಳಾಪುರದ ಆಸ್ಪತ್ರೆಯ ಹಿಂದಿನ ಕೋಣೆ,
ಆರು ತಿಂಗಳಿಗೆಂದು ಎರವಲು ಬಂದ ಯಂತ್ರ,
ಅದರ ಬಾಯಿಗೆ ಬೆರಳು ಕೊಡಲು
ಶಿಡ್ಲಘಟ್ಟದ ಮೊದಲ ಬಸ್ಸು ಹತ್ತಿ ಬಂದ ಜುಲೇಖಾಬಿ.

"ಕಚ್ತದಾ ಇದು?"
ಕಚ್ಚಲ್ಲಮ್ಮ. ಸೂಜಿಯಿಲ್ಲ, ಕತ್ತರಿಯಿಲ್ಲ.
ಈ ಕಡೆಯಿಂದ ಬೆಳಕು ಬಿಡ್ತೀವಿ,
ಆ ಕಡೆ ಎಷ್ಟು ಉಳಿದು ಬಂತು ಅಂತ ಎಣಿಸ್ತೀವಿ.
"ಗೂಡು ನೋಡ್ದಂಗೆ," ಅಂದಳು.

ಗೂಡು ನೋಡಿದ ಹಾಗೆ. ಮೂರು ದಿನ
ನನಗೆ ತರಬೇತಿ ಕೊಟ್ಟವರಿಗೆ ಇದು ಹೊಳೆದಿರಲಿಲ್ಲ.
ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವರು ಬೇರೆ.
ಮನೆಗೆ ಬಂದ ಚೀಲ ಬಿಚ್ಚಿ, ಒಂದು ಗೂಡನ್ನೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿ, ಬಲ್ಬಿಗೆ ಹಿಡಿದು
ಒಳಗೆ ಹುಳು ಗಟ್ಟಿಯೋ ಕರಗಿದೆಯೋ
ಕೊಯ್ಯದೆ ಹೇಳುವವಳು ಇವಳು;
ಮೂವತ್ತೊಂದು ವರ್ಷ ಕುದಿನೀರಿಗೆ ಕೈಯಿಳಿಸಿ
ಎಳೆಯ ತುದಿ ಹುಡುಕಿದವಳು.

ತೋರುಬೆರಳಿನ ನಡುಗೆಣ್ಣು ಮೊದಲು.
ಕೆಂಪಿನಾಚೆಯ, ಕಣ್ಣಿಗೆ ಸಿಗದ ಬೆಳಕು
ಚರ್ಮ ದಾಟಿ, ಎಲುಬಿಗೆ ಡಿಕ್ಕಿ ಹೊಡೆದು,
ಸಂತೆಯಲ್ಲಿ ಕೈತಪ್ಪಿದ ಮಗುವಿನಂತೆ ಅಲೆದು
ಎಲ್ಲೋ ಒಂದು ಕಡೆ ಹೊರಬೀಳುತ್ತದೆ.
ಬಿದ್ದ ಜಾಗ ನೋಡಿ, ನಡೆದ ದಾರಿಯನ್ನು
ಯಂತ್ರ ಊಹಿಸುತ್ತದೆ.
ಊಹೆಯೇ. ಅದನ್ನು ನಾನು ಹೇಳಲಿಲ್ಲ.

ಬೆಳಿಗ್ಗೆ ನನ್ನದೇ ಬೆರಳಿಟ್ಟು ನೋಡಿಕೊಂಡಿದ್ದೆ.
ಎರಡು ಎಲುಬುಗಳ ನಡುವೆ ತಿಳಿನೀರ ಬಾಗಿಲು,
ಬೆಳಕು ಮನೆಯವರ ಹಾಗೆ ಹೋಗಿ ಬಂದಿತ್ತು.
ಇವಳಲ್ಲಿ ಬಾಗಿಲಿದ್ದ ಕಡೆ ಮಬ್ಬು,
ಗಂಜಿ ಹಾಕಿದ ಬಟ್ಟೆಯಂಥದ್ದು;
ಮೃದ್ವಸ್ಥಿಯೆಂದು ನಾವು ಕರೆಯುವ ಮೆತ್ತನೆ
ಒಂದು ಮಗ್ಗುಲಿಗೆ ಸವೆದು ಹಾಳೆಯಾಗಿದೆ.

ಪರದೆಯನ್ನು ಅವಳ ಕಡೆ ತಿರುಗಿಸಿದೆ.
ತಿರುಗಿಸಬಾರದು, ತಿರುಗಿಸಿದೆ.
ಕನ್ನಡಕ ಎತ್ತಿ, ಇಳಿಸಿ, ಬಹಳ ಹೊತ್ತು ನೋಡಿ
"ಸೆಕೆಂಡ್ ಮಾಲು," ಎಂದಳು,
ಯಾರದೋ ಗೂಡಿಗೆ ದರ ಕಟ್ಟುವ ದನಿಯಲ್ಲಿ.
"ನೂಲು ಬತ್ತದೆ. ನಿಧಾನಕ್ಕೆ ಎಳೀಬೇಕು."

ಹಾಳೆಯಲ್ಲಿ ಒಂದರಿಂದ ಐದರವರೆಗೆ ಅಂಕಿ,
ಅವಳ ಮಾತಿಗೆ ಕಾಲಂ ಇಲ್ಲ. ಮೂರು ಬರೆದೆ.
ಆಮೇಲೆ ಯಂತ್ರಕ್ಕಿಂತ ಮೊದಲೇ ಅವಳು ಶುರು ಮಾಡಿದಳು:
ಇದು ಡಾಗು, ಇದು ಪರವಾಗಿಲ್ಲ, ಇದು ಹುಳ ಸತ್ತದ್ದು.
ಏಳರಲ್ಲಿ ಆರು ಸರಿ.

ಎಡಗೈ ಉಂಗುರಬೆರಳು ಮಾತ್ರ.
"ಇದೇ ರಾತ್ರಿ ಎಬ್ಸೋದು, ಇದು ಪೂರಾ ಹೋಗದೆ."
ಪರದೆಯಲ್ಲಿ ತಿಳಿ. ನನ್ನದರಷ್ಟೇ ತಿಳಿ.
ತಿರುಗಿಸಿಟ್ಟು ಮತ್ತೆ ಬೆಳಕು ಬಿಟ್ಟೆ.
ಯಾವ ಬಾಗಿಲಲ್ಲೂ ತಡೆಯಿಲ್ಲದೆ ಹಾಯಿತು.

ನಾನು ಒಂದು ಬರೆದದ್ದನ್ನು ಅವಳು ಕಂಡಳು.
ಜಗಳಕ್ಕೆ ಬರಲಿಲ್ಲ. ಯಂತ್ರದ ಬಾಯಿಂದ
ಬೆರಳನ್ನು ಹಿಂದಕ್ಕೆ ತೆಗೆದುಕೊಂಡು
ಕಿವಿಯ ಹತ್ತಿರ ಹಿಡಿದು
ಒಮ್ಮೆ ಅಲ್ಲಾಡಿಸಿದಳು.