ಎಡಗಾಲಿನ ಬೂಟು

ಎರ್ಮೊಸಿಯೋ ಊರಿನ ದೊಡ್ಡಂಗಡಿಯ ಮುಂದೆ
ಕೆಂಪು ಬಟ್ಟೆ ಬೀಸಿ ಕಾರು ನಿಲ್ಲಿಸುವುದು ನನ್ನ ಕಸುಬು.
ಬಾ, ಬಾ, ಇನ್ನೊಂದು ಗೇಣು, ಸಾಕು.
ಸಿಕ್ಕರೆ ಐದು ಪೆಸೊ, ಇಲ್ಲವಾದರೆ ಬರೀ ಹೊಗೆ.

ಆಮೇಲಿನದು ಯಾರೂ ಹೇಳದ ಕೆಲಸ:
ಹಿಂದಿನ ಗಾಜಿಗೆ ಹಣೆಯೊತ್ತಿ ಇಣುಕುವುದು.
"ಏನು ಕದಿಯೋಕೆ ನೋಡ್ತೀಯ, ಮುದುಕಿ?"
ಉಸಿರು ನೋಡುತ್ತಿದ್ದೇನಪ್ಪಾ, ಉಸಿರು.

ಹೋದ ಜೂನಿನಲ್ಲಿ ಒಂದು ನಾಯಿ.
ಗಾಜು ಬೆರಳಗಲ ಇಳಿಸಿದ್ದರು,
ಬಟ್ಟಲಲ್ಲಿ ನೀರೂ ಇಟ್ಟಿದ್ದರು, ಪಾಪ, ಒಳ್ಳೆಯ ಜನ.
ನಾನು ಕಲ್ಲು ಹುಡುಕಿ ತರಲು ಎಷ್ಟು ಹೊತ್ತಾಯಿತೋ
ಅಷ್ಟೇ ಸಾಕಾಯಿತು ಅದಕ್ಕೆ.
ಆ ನೀರಲ್ಲಿ ಬೆರಳಿಡಲಾಗಲಿಲ್ಲ.
ಈಗ ಸೊಂಟದ ಚೀಲದಲ್ಲಿ ಸುತ್ತಿಗೆ.

ಇವತ್ತು ಎವರಿಸ್ತೋ ಬಂದ, ಬೇಕರಿಯ ರಾತ್ರಿಪಾಳಿ ಮುಗಿಸಿ,
ಹುಬ್ಬಿನ ಮೇಲೆ ಹಿಟ್ಟು, ಕಣ್ಣಲ್ಲಿ ತೀರದ ನಿದ್ದೆಯ ಸಾಲ.
ಇಳಿದ. ಬಾಗಿಲು ಹಾಕಿದ. ನಾಲ್ಕು ಹೆಜ್ಜೆ ಹೋದ.
ಐದನೆಯದಕ್ಕೆ ಕುಣಿದ,
ಹನ್ನೊಂದು ಗಂಟೆಯ ಡಾಂಬರಿನ ಮೇಲೆ
ಬರಿಯ ಎಡಗಾಲು!

ನಾನು ನಕ್ಕೆ. ಅವನು ನಗಲಿಲ್ಲ.
ಕುಂಟುತ್ತಲೇ ಓಡಿ ಹಿಂಬಾಗಿಲು ತೆಗೆದ.
ಬೆಲ್ಟಿನೊಳಗೆ ಹತ್ತು ತಿಂಗಳ ಮಿಕಾಯೆಲಾ, ಸೊಂಪು ನಿದ್ದೆ,
ಪಕ್ಕದಲ್ಲಿ ಅಪ್ಪನ ಬೂಟು.

"ಹೆಂಡತಿಯ ಉಪಾಯ" ಅಂದ,
"ಹೆತ್ತ ಮಗಳನ್ನು ಮರೀತೀನಾ ಅಂತ
ಬೆಳಿಗ್ಗೆಯೂ ಜಗಳ ಆಡಿದ್ದೆ."

ಬೊಬ್ಬೆಯೆದ್ದ ಅಂಗಾಲಿಗೆ ನನ್ನ ಬಾಟಲಿಯ ನೀರು ಸುರಿದೆ.
ಅವನಿಗೆ ಅದರ ಅರಿವಿಲ್ಲ.
ಮಗುವಿನ ಕತ್ತು ಮುಟ್ಟಿ, ಮತ್ತೆ ಮುಟ್ಟಿ,
ಬೆವರಿದ್ದಾಳೆ, ಬೆವರಿದ್ದಾಳೆ ಎನ್ನುತ್ತಿದ್ದ,
ಮೊದಲ ಹಲ್ಲು ಕಂಡವನ ಹಾಗೆ.

ಅಷ್ಟರಲ್ಲಿ ಇನ್ನೊಂದು ಕಾರು.
ಬಟ್ಟೆ ಬೀಸಿದೆ. ಬಾ, ಬಾ, ಸಾಕು.