ಒಂದು ಕೊಂಬೆ ಗಂಡು

ನರ್ಸರಿಯ ರಿಜಿಸ್ಟರಿನಲ್ಲಿ ನಾಲ್ಕೇ ಕಾಲಂ:
ಜಾತಿ, ಬಿತ್ತಿದ್ದು, ಬದುಕಿದ್ದು, ಸತ್ತದ್ದು.
ಉಪ್ಪಾಗೆಯ ಎದುರು ನಾನು ಬರೆದೆ,
ಆರುನೂರು, ಸೊನ್ನೆ, ಆಮೇಲೆ ಪೆನ್ನು ನಿಂತಿತು.
ಬಿತ್ತಿ ಐದು ತಿಂಗಳು. ಪಾತಿಯಲ್ಲಿ ಗರಿಕೆ ಮಾತ್ರ.
ಸತ್ತದ್ದು ಅಂತ ಬರೆಯಲೇ ಅಂದರೆ
ಬರ್ಮಮ್ಮ ಕತ್ತಿಯ ತುದಿಯಲ್ಲಿ ಒಂದು ಬೀಜ ಕೆದಕಿ
ಸೆರಗಿಗೆ ಒರೆಸಿ ತೋರಿಸಿದಳು.
'ಸತ್ತಿಲ್ಲ ಮಾರಾಯ, ಸಿಟ್ಟು ಮಾಡ್ಕಂಡದೆ.
ಒಂಬತ್ತು ತಿಂಗಳು ಅದರ ಲೆಕ್ಕ.
ನಿನ್ನ ಕಾಲಂ ಕಾಯಲಿ.'

ನಿಟ್ಟೂರಿನಾಚೆ, ಘಟ್ಟದ ಅಂಚಿನ ಕಾನು.
ಹಳ್ಳದ ದಡವೆಂದರೆ ಈ ಮರಕ್ಕೆ ಪ್ರಾಣ.
ಎಲೆ ಈಗಷ್ಟೇ ಎಣ್ಣೆ ಹಚ್ಚಿದ ಹಾಗೆ;
ಕಾಯಿ ಮುಷ್ಟಿಯಷ್ಟು ಕುಂಬಳ,
ಹೋಳಾಗುವ ಮೊದಲೇ ಗೆರೆ ಎಳೆಸಿಕೊಂಡದ್ದು.
ಜಡಿಮಳೆಯಲ್ಲೇ ಹಣ್ಣಾಗುವ ಹಟ.
ಬಿಸಿಲೇ ಇಲ್ಲದ ತಿಂಗಳಲ್ಲಿ ಸಿಪ್ಪೆ ಒಣಗುವುದು ಹೇಗೆ?
ತಟ್ಟಿಯ ಕೆಳಗೆ ಹಗಲೂ ರಾತ್ರಿ ಬೆಂಕಿ.
ಒಂದು ಮರದ ಹುಳಿ ಕಪ್ಪಾಗಲು
ಇನ್ನೊಂದು ಮರ ಉರಿಯಬೇಕು.

ದರ ಏರಿದ ವರ್ಷಗಳ ಮಾತು ಬಂದರೆ
ಅವಳು ಕವಳದ ಸಂಚಿ ಹುಡುಕುತ್ತಾಳೆ.
ಕಡಲಾಚೆ ಯಾರದೋ ಬೊಜ್ಜು ಕರಗಿಸುವ ಮಾತ್ರೆಗೆ
ನಮ್ಮ ಹುಳಿ ಬೇಕಂತೆ ಅಂತ ಸುದ್ದಿ.
ಗಂಜಿ ಕುಡಿದು ಮಲಗಿದವರು
ಬೆಳಗಿನ ಜಾವ ಟಾರ್ಚು ಹಿಡಿದು ಕಾನು ನುಗ್ಗಿದರು.
ಹಣ್ಣಾಗುವ ತನಕ ಕಾದವನು ಪೆದ್ದ.
ಕಾಯಿ ಕೈಗೆ ಸಿಗದಿದ್ದರೆ ಕೊಂಬೆ,
ಕೊಂಬೆ ಸಿಗದಿದ್ದರೆ ಬುಡ.
'ನಾನೂ ಕಡಿದೀನಿ. ಎರಡು.
ಎಲ್ಲಿ ಅಂತ್ಲೂ ಗೊತ್ತು.
ಆ ದುಡ್ಡಲ್ಲಿ ಮಗಳ ಕಿವಿಗೆ ಬೆಂಡೋಲೆ.'
ಆಮೇಲೆ ದರ ಬಿತ್ತು.
ದರ ಬಿತ್ತು ಅಂತ ಮರ ಎದ್ದು ನಿಲ್ಲಲಿಲ್ಲ.

ಗಂಡ ದ್ಯಾವಪ್ಪ ಹಳ್ಳದ ಬದಿ ನೆಟ್ಟ ಗಿಡ
ಒಂಬತ್ತನೇ ವರ್ಷಕ್ಕೆ ಹೂ ಬಿಟ್ಟಿತು.
ಮೈತುಂಬ ಹೂ. ನೊಣ, ಮಿಸರಿ, ಗದ್ದಲ.
ಒಂದೂ ಕಾಯಿಲ್ಲ.
ಮರುವರ್ಷವೂ ಇಲ್ಲ.
ಮಿಲ್ಲಿನ ಕಟ್ಟೆಯ ಮೇಲೆ ಕೂತವರು ನಕ್ಕರು,
ಗಂಡಿಗೆ ಇಷ್ಟು ವರ್ಷ ಗೊಬ್ಬರ ಹೊತ್ತೆಯಲ್ಲೋ!
ದ್ಯಾವಪ್ಪ ಕೊಡಲಿ ಮಸೆಯತೊಡಗಿದ.
ಬರ್ಮಮ್ಮ ಮಸೆಗಲ್ಲನ್ನೇ ಎತ್ತಿ ಒಳಗಿಟ್ಟಳು.

ನರ್ಸರಿಯಲ್ಲಿ ಕಸಿ ಕಲಿತ ಕೈ.
ಕಾನಿನ ಒಳಗೆ, ಕಾಯಿ ಸುರಿಯುವ ಒಂದು ತಾಯಿಮರ,
ಅದರ ನೆತ್ತಿಗೆ ಮಗನನ್ನು ಹತ್ತಿಸಿದಳು.
'ನೆಟ್ಟಗೆ ಮೇಲೆ ಹೋಗೋ ಕುಡೀನೇ ಬೇಕು.
ಅಡ್ಡಕೊಂಬೆದು ತಂದ್ರೆ ಅದಕ್ಕೆ ಅಡ್ಡವೇ ನೆನಪು,
ಮರ ಆಗೂದಿಲ್ಲ, ನೆಲ ಹಿಡದು ಪೊದೆ ಆಗ್ತದೆ.'
ಗಂಡುಮರದ ಕೊಂಬೆ ಸವರಿ, ಚಿಗುರು ಬರಿಸಿ,
ಚಿಗುರು ಸೀಳಿ, ಸೀಳಿನಲ್ಲಿ ಕುಡಿ ಕೂರಿಸಿ,
ಪಟ್ಟಿ ಸುತ್ತಿ, ಹಾಲಿನ ಕವರು ಟೊಪ್ಪಿಗೆ ಹಾಕಿ
ಹನ್ನೊಂದು ಕಡೆ ಕಟ್ಟಿದಳು.
ಏಳು ಹಿಡಿದವು.

ಉತ್ತರಕ್ಕೆ ಚಾಚಿದ ಒಂದು ಕೊಂಬೆ ಮುಟ್ಟಲಿಲ್ಲ.
ಯಾಕೆ ಅಂತ ನಾನು ಕೇಳಿದೆ.
ಅವಳು ಕವಳ ಉಗಿದು ಬಂದು ಹೇಳಿದಳು:
'ಎಲ್ಲಾ ಹೆಣ್ಣಾದರೆ ಹೂವಿಗೆ ಧೂಳು ಯಾರು ಕೊಡ್ತಾರೆ?
ಮತ್ತೆ, ಒಂಬತ್ತು ವರ್ಷ ಅದೂ ಬೆಳದದೆ.'

ಈಗ ಅವಳ ಗೋಡೆಗೂಡಿನಲ್ಲಿ
ಬೀಜ ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ಬಳಿದ ತುಪ್ಪ,
ಮೇಣದ ಹಾಗೆ ಗಟ್ಟಿ.
ದೋಸೆಕಾವಲಿಗೆ ಸ್ವಲ್ಪ, ಒಡೆದ ಹಿಮ್ಮಡಿಗೆ ಸ್ವಲ್ಪ.
ನನಗೂ ಒಂದು ಕರಟದಲ್ಲಿ ಕೊಟ್ಟಳು.

ಒಂಬತ್ತನೇ ತಿಂಗಳ ಕೊನೆಯ ಸೋಮವಾರ
ಪಾತಿಯಲ್ಲಿ ಕೆಂಪು ಮೊಳೆ. ಸಂಜೆಗೆ ಹದಿನಾಲ್ಕು.
ಬದುಕಿದ್ದು ಅಂತ ಬರೆದೆ.
ಸ್ಕೇಲು ಹಿಡಿದು ಐದನೇ ಗೆರೆಯನ್ನೂ ಎಳೆದೆ.
ರೇಂಜರು ಸಾಹೇಬರು ಬಂದವರು ಕೇಳಿದರು,
ಇದೇನಯ್ಯ ಖಾಲಿ ಕಾಲಂ?
ಗಂಡೋ ಹೆಣ್ಣೋ ಸಾರ್, ಒಂಬತ್ತು ವರ್ಷ ಬಿಟ್ಟು ತುಂಬುವುದು.
ಅವರು ನಕ್ಕು ಸಹಿ ಹಾಕಿದರು.
ನನ್ನದು ದಿನಗೂಲಿ, ಮಾರ್ಚಿನವರೆಗೆ.